ಮೊದಲು ರೋಸ್ಟರ್ ಕೇಳಿ, ಆಮೇಲೆ ಮನೆ ನೋಡಿ

ಪ್ರಶ್ನೆ: ಮೇಡಂ, ನಾವು ಕುಂದಾಪುರ ಕಡೆಯವರು. ಪಿಆರ್ ಸಿಕ್ಕಿ ಕೆನಡಾಕ್ಕೆ ಬಂದ ಮೇಲೆ ಇದು ಎರಡನೇ ಚಳಿಗಾಲ. ಬ್ರಾಂಪ್ಟನ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. ಇವರದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮಂಗಳೂರಿನ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯ ಕೆಳಗೆ ಒಂಬತ್ತು ವರ್ಷ ಪಂಪು, ಕಂಪ್ರೆಸರ್ ರಿಪೇರಿ ಮಾಡಿದವರು, ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾರೆ. ಆಲ್ಬರ್ಟಾದ ಫೋರ್ಟ್ ಮೆಕ್‌ಮರ್ರಿಗೆ ಹೋದರೆ ಎಣ್ಣೆ ಕಂಪನಿಗಳಲ್ಲಿ ಇದರ ಮೂರು ಪಟ್ಟು ಸಂಬಳ ಎಂದು ಸ್ನೇಹಿತರೊಬ್ಬರು ಹೇಳಿದ್ದೇ ಸರಿ, ಈಗ ಬೆಳಗಾದರೆ ಅದೇ ಜಪ. ಈ ಮನೆ ಬಿಟ್ಟು, ಸಾಮಾನು ಕಾರಿಗೆ ತುಂಬಿ ನಾಲ್ವರೂ ಹೊರಡೋಣ, ಅಲ್ಲಿ ಹೋದ ಮೇಲೆ ಕೆಲಸ, ಮನೆ ಎರಡೂ ಆಗುತ್ತದೆ ಎನ್ನುತ್ತಾರೆ. ಮಗಳು ಎರಡನೇ ಕ್ಲಾಸು, ಮಗನಿಗೆ ಒಂದೂವರೆ ವರ್ಷ. ಕೈಯಲ್ಲಿರುವ ದುಡ್ಡು ಮೂರು ತಿಂಗಳಿಗೆ ಸಾಕು. ನನಗೆ ಡ್ರೈವಿಂಗ್ ಬರುವುದಿಲ್ಲ. ಬೇಡ ಎಂದರೆ 'ನಾನು ಮೇಲೆ ಬರುವುದು ನಿನಗೆ ಬೇಡ' ಎಂದು ಮುಖ ತಿರುಗಿಸುತ್ತಾರೆ. ಅತ್ತೆಗೆ ಫೋನ್ ಮಾಡಿದರೆ 'ನಿನ್ನ ಮಾವ ಹದಿನೆಂಟು ವರ್ಷ ಗಲ್ಫಿನಲ್ಲಿದ್ದರು, ನಾನು ಸಂಸಾರ ನಡೆಸಲಿಲ್ವಾ?' ಅಂತಾರೆ. ನಾನು ನಿಜವಾಗಿ ಅಡ್ಡಗಾಲು ಹಾಕುತ್ತಿದ್ದೇನಾ?
— ಹೆಸರು ಬೇಡ, ಬ್ರಾಂಪ್ಟನ್

ಉತ್ತರ: ಅಡ್ಡಗಾಲು ಹಾಕುತ್ತಿಲ್ಲ. ಹಾಗೆಂದು ನಿಮ್ಮ ಯಜಮಾನರ ಆಸೆಯೂ ಹುಚ್ಚಲ್ಲ. ಒಂಬತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ ಕೈ ಪೆಟ್ಟಿಗೆ ಎತ್ತುತ್ತಾ ಕೂತರೆ ಮನಸ್ಸು ಕಹಿಯಾಗದೆ ಇನ್ನೇನಾಗುತ್ತದೆ? ಅವರು ಹಿಡಿದಿರುವ ದಿಕ್ಕು ಸರಿಯಿದೆ. ಹೊರಡುವ ಕ್ರಮ ಮಾತ್ರ ತಲೆಕೆಳಗಾಗಿದೆ. ನಾಲ್ಕು ಜನ ಮೊದಲು, ಕೆಲಸ ಆಮೇಲೆ ಎಂಬ ಲೆಕ್ಕ ಆ ಊರಿಗೆ ಹೊಂದುವುದಿಲ್ಲ.

ಊರಿನ ವಿಷಯ ಸ್ವಲ್ಪ ಹೇಳುತ್ತೇನೆ. ಎಡ್ಮಂಟನ್‌ನಿಂದ ಉತ್ತರಕ್ಕೆ ಸುಮಾರು 435 ಕಿಲೋಮೀಟರ್, ಹೆದ್ದಾರಿ 63ರ ಮೇಲೆ, ಕಾಡಿನ ನಡುವೆ ಇದೆ ಫೋರ್ಟ್ ಮೆಕ್‌ಮರ್ರಿ. 2021ರ ಜನಗಣತಿಯಲ್ಲಿ ಅಲ್ಲಿದ್ದವರು 68,000 ಮಂದಿ. ಅಲ್ಲಿನ ಎಣ್ಣೆ ಬಾವಿಯಿಂದ ಚಿಮ್ಮುವಂಥದ್ದಲ್ಲ. ಡಾಂಬರಿನಂಥ ಬಿಟುಮೆನ್ ಮರಳಿಗೆ ಅಂಟಿಕೊಂಡಿರುತ್ತದೆ. ಕೆಲವೆಡೆ ನೆಲ ಅಗೆದು ಬಿಸಿನೀರಿನಲ್ಲಿ ತೊಳೆದು ಬೇರ್ಪಡಿಸುತ್ತಾರೆ, ಕೆಲವೆಡೆ ನೆಲದೊಳಗೆ ಹಬೆ ಬಿಟ್ಟು ಕರಗಿಸಿ ಮೇಲೆತ್ತುತ್ತಾರೆ. ಈಗ ಸನ್ಕೋರ್ ಎಂದು ಕರೆಸಿಕೊಳ್ಳುವ ಕಂಪನಿಯ ಮೊದಲ ಗಣಿ 1967ರಲ್ಲಿ ಶುರುವಾಯಿತು, ಸಿಂಕ್ರೂಡ್ 1978ರಲ್ಲಿ. ಮರಳು ತುಂಬಿದ ಆ ರಾಡಿಯನ್ನು ತಳ್ಳುವ ಪಂಪುಗಳು ಸವೆಯುವ ವೇಗ ನಿಮ್ಮ ಯಜಮಾನರಿಗೆ ನಾನು ಹೇಳಬೇಕಾಗಿಲ್ಲ. ಅಂದರೆ ಅವರ ಕೆಲಸಕ್ಕೆ ಅಲ್ಲಿ ಬೆಲೆಯಿದೆ.

ಆದರೆ ಆ ಕೆಲಸ ಮಾಡುವವರೆಲ್ಲ ಆ ಊರಿನಲ್ಲಿ ಸಂಸಾರ ಹೂಡಿಲ್ಲ. ಹತ್ತಾರು ಸಾವಿರ ಮಂದಿ ಗಣಿಯ ಪಕ್ಕದ ಕ್ಯಾಂಪುಗಳಲ್ಲಿ ಇರುತ್ತಾರೆ. ಒಬ್ಬರಿಗೊಂದು ಕೋಣೆ, ಮೂರು ಹೊತ್ತು ಮೆಸ್ಸಿನ ಊಟ, ದಿನಕ್ಕೆ ಹನ್ನೆರಡು ಗಂಟೆ ದುಡಿತ. ಹದಿನಾಲ್ಕು ದಿನ ಕೆಲಸ, ಏಳು ದಿನ ರಜೆ. ಅಥವಾ ಏಳಕ್ಕೆ ಏಳು. ರಜೆ ಬಂದಾಗ ಎಡ್ಮಂಟನ್‌ಗೋ ಕ್ಯಾಲ್ಗರಿಗೋ ವಿಮಾನ. ಕೆಲವರು ಪೂರ್ವ ತೀರದ ನ್ಯೂಫೌಂಡ್‌ಲ್ಯಾಂಡಿನಿಂದಲೂ ಹೀಗೆ ಬಂದು ಹೋಗುತ್ತಾರೆ. 1992ರಲ್ಲಿ ಅಲ್ಲಿ ಕಾಡ್ ಮೀನು ಹಿಡಿಯುವುದನ್ನು ಸರ್ಕಾರ ನಿಲ್ಲಿಸಿತು. ಆಮೇಲೆ ಎಷ್ಟೋ ಮೀನುಗಾರ ಮನೆಗಳ ಗಂಡಸರು ಈ ಕಾಡಿನ ದಾರಿ ಹಿಡಿದರು. ಕುಂದಾಪುರದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಬಗೆ ಊರೊಳಗೇ ಇದ್ದು, ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿ, ಕತ್ತಲಾದ ಮೇಲೆ ಇಳಿಯುವುದು. ಎರಡರಲ್ಲಿ ಯಾವುದು ಎಂಬುದು ನಿಮ್ಮ ಇಷ್ಟದ ಮೇಲೆ ನಿಂತಿಲ್ಲ, ಸಿಗುವ ಕೆಲಸದ ರೋಸ್ಟರ್, ಅಂದರೆ ಕೆಲಸ-ರಜೆಯ ಸರದಿಯ ಮೇಲೆ ನಿಂತಿದೆ. ಕ್ಯಾಂಪ್ ಕೆಲಸ ಸಿಕ್ಕರೆ ನೀವೂ ಮಕ್ಕಳೂ ಫೋರ್ಟ್ ಮೆಕ್‌ಮರ್ರಿಯಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಎಡ್ಮಂಟನ್‌ನಲ್ಲಿದ್ದರೆ ಶಾಲೆ, ಆಸ್ಪತ್ರೆ, ಸಿಟಿ ಬಸ್ಸು, ನಾಲ್ಕು ಕನ್ನಡ ಮನೆ ಎಲ್ಲವೂ ಕೈಗೆಟುಕುತ್ತವೆ. ಕೆಲಸವೇ ಗೊತ್ತಿಲ್ಲದೆ ಫೋರ್ಟ್ ಮೆಕ್‌ಮರ್ರಿಯಲ್ಲಿ ಮನೆ ಹಿಡಿದಿರಿ, ಆಮೇಲೆ ಅವರಿಗೆ ಸಿಕ್ಕಿದ್ದು ಕ್ಯಾಂಪ್ ಕೆಲಸ ಎನ್ನಿ. ಕಾಡಿನ ನಡುವಿನ ಊರಿನಲ್ಲಿ ಬಾಡಿಗೆ ಕಟ್ಟಿಕೊಂಡು ನೀವೊಬ್ಬರೇ ಉಳಿಯುತ್ತೀರಿ. ನಿಮ್ಮ ಹೊಟ್ಟೆಯಲ್ಲಿರುವ ಭಯ ಇದೇ ಎಂದು ನನ್ನ ಊಹೆ. ಪತ್ರದಲ್ಲಿ ನೀವು ಬಾಯಿಬಿಟ್ಟು ಬರೆದಿಲ್ಲ, ಅಷ್ಟೆ.

ಈಗ ಕೆಲಸದ ಮಾತು. ನಿಮ್ಮ ಯಜಮಾನರಂಥವರನ್ನು ಇಲ್ಲಿ ಇಂಡಸ್ಟ್ರಿಯಲ್ ಮೆಕ್ಯಾನಿಕ್ ಅಥವಾ ಮಿಲ್‌ರೈಟ್ ಎನ್ನುತ್ತಾರೆ. ವೆಲ್ಡರ್, ಎಲೆಕ್ಟ್ರಿಷಿಯನ್, ಪೈಪ್‌ಫಿಟರ್ ಕೆಲಸಗಳಿಗೆ ಆಲ್ಬರ್ಟಾದಲ್ಲಿ ಸರ್ಟಿಫಿಕೇಟ್ ಅಥವಾ ಅಪ್ರೆಂಟಿಸ್ ನೋಂದಣಿ ಕಡ್ಡಾಯ, ಮಿಲ್‌ರೈಟ್‌ಗೆ ಕಾನೂನಿನ ಪ್ರಕಾರ ಇಲ್ಲ. ಆದರೆ ಕಾನೂನು ಕೇಳದಿದ್ದರೂ ಕಂಪನಿ ಕೇಳುತ್ತದೆ. ಕೈಯಲ್ಲಿ ರೆಡ್ ಸೀಲ್ ಎಂಬ ಟ್ರೇಡ್ ಸರ್ಟಿಫಿಕೇಟ್ ಇದ್ದವರ ಅರ್ಜಿ ಮೇಲೆ, ಇಲ್ಲದವರದು ಕೆಳಗೆ. ಇದನ್ನು ಪಡೆಯಲು ಆಲ್ಬರ್ಟಾಕ್ಕೇ ಹೋಗಬೇಕೆಂದಿಲ್ಲ. ಒಂಟಾರಿಯೊದಲ್ಲಿ ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಎಂಬ ಸಂಸ್ಥೆಯಿದೆ. ಹೊರದೇಶದ ಅನುಭವವನ್ನು ತೂಗಿ ನೋಡಿ ಪರೀಕ್ಷೆಗೆ ಕೂರಲು ಬಿಡುತ್ತದೆ. ಗೋದಾಮಿನ ಕೆಲಸ ಮಾಡುತ್ತಲೇ, ಈ ಬೇಸ್‌ಮೆಂಟಿನಲ್ಲೇ ಕೂತು ಓದಬಹುದು.

ಕಷ್ಟ ಇರುವುದು ಅನುಭವದ ಪತ್ರದಲ್ಲಿ. 'ಇವರು ನಮ್ಮಲ್ಲಿ ಕೆಲಸ ಮಾಡಿದ್ದರು, ನಡತೆ ಒಳ್ಳೆಯದು' ಎಂಬ ನಮ್ಮೂರ ಎರಡು ಸಾಲಿನ ಸರ್ಟಿಫಿಕೇಟು ಇಲ್ಲಿ ಕವಡೆ ಕಾಸಿಗೂ ಬಾರದು. ಯಾವ ಯಂತ್ರ, ಯಾವ ಕೆಲಸ, ಎಷ್ಟು ಗಂಟೆ, ಯಾರ ಕೈಕೆಳಗೆ ಎಂಬುದೆಲ್ಲ ಅದರಲ್ಲಿರಬೇಕು. ಗುತ್ತಿಗೆ ಕಂಪನಿಗಳು ಇಂದು ಒಂದು ಹೆಸರು, ನಾಳೆ ಇನ್ನೊಂದು. ಹಳೆಯ ಸೂಪರ್‌ವೈಸರ್ ಫೋನ್ ಎತ್ತುವಷ್ಟು ಕಾಲದೊಳಗೆ ಆ ಪತ್ರ ಬರೆಸಿಕೊಳ್ಳಲಿ. ಜೊತೆಗೆ ಪಿಎಫ್ ಪಾಸ್‌ಬುಕ್, ಗೇಟ್‌ಪಾಸ್, ಸಂಬಳದ ಚೀಟಿ, ಸಿಕ್ಕಿದ್ದೆಲ್ಲ ಇರಲಿ.

ಎಚ್‌ಟುಎಸ್ ಅಲೈವ್ ಎಂಬ ಒಂದು ದಿನದ ತರಬೇತಿಯೂ ಬೇಕು. ಹೈಡ್ರೋಜನ್ ಸಲ್ಫೈಡ್ ವಿಷಾನಿಲದ ಬಗೆಗಿನದು, ಅದರ ಸರ್ಟಿಫಿಕೇಟ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಇದರ ಜೊತೆಗೆ ಪ್ರಥಮ ಚಿಕಿತ್ಸೆ, ನಿರ್ಮಾಣ ಸುರಕ್ಷತೆಯ ಕೋರ್ಸು. ಸೈಟಿಗೆ ಕಾಲಿಡುವ ಮುನ್ನ ಮದ್ಯ ಮತ್ತು ಮಾದಕವಸ್ತು ಪರೀಕ್ಷೆ ಮಾಡುತ್ತಾರೆ. ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ, ಆದರೆ ಸೈಟಿನ ಗೇಟಿನಲ್ಲಿ ಆ ಮಾತು ನಡೆಯುವುದಿಲ್ಲ. ನಗಬೇಡಿ, ಆ ವಾರ ಮನೆಯಲ್ಲಿ ಗಸಗಸೆ ಪಾಯಸ ಮಾಡಬೇಡಿ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಅಂಶ ತೋರುವುದುಂಟು. ಆಮೇಲೆ ಪಾಯಸದ ಕಥೆ ಹೇಳಿ ಒಪ್ಪಿಸುವುದು ಕಷ್ಟ.

ಹೊಸಬರು ಒಳಗೆ ಹೋಗುವ ಬಾಗಿಲು ಹೆಚ್ಚಾಗಿ ಶಟ್‌ಡೌನ್. ವಸಂತದಲ್ಲೂ ಶರತ್ಕಾಲದಲ್ಲೂ ಘಟಕಗಳನ್ನು ನಿಲ್ಲಿಸಿ ದುರಸ್ತಿ ಮಾಡುವಾಗ ಗುತ್ತಿಗೆ ಕಂಪನಿಗಳೂ ಯೂನಿಯನ್‌ಗಳೂ ಜನರನ್ನು ತುಂಬಿಕೊಳ್ಳುತ್ತವೆ. ರಿಫೈನರಿಯಲ್ಲಿದ್ದವರಿಗೆ ಇದರ ಗಡಿಬಿಡಿ ಗೊತ್ತು. ಕೆಲವೇ ವಾರದ ಕೆಲಸ. ಓವರ್‌ಟೈಮ್ ಸೇರಿ ಕೈತುಂಬ ದುಡ್ಡು, ಆಮೇಲೆ ಮನೆಗೆ. 'ಮೂರು ಪಟ್ಟು' ಎಂದ ಸ್ನೇಹಿತರನ್ನು ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ವಾರ? ಗಂಟೆಯ ದರ ನೋಡಿ ಬೆರಗಾಗಬೇಡಿ, ವರ್ಷದ ಕೊನೆಯಲ್ಲಿ ಉಳಿಯುವುದನ್ನು ಲೆಕ್ಕ ಹಾಕಿ. ಇನ್ನೊಂದು ಮಾತು, ಕೆಲಸ ಕೊಡಿಸುತ್ತೇವೆ ಎಂದು ಯಾರಾದರೂ ನಿಮ್ಮ ಬಳಿ ಹಣ ಕೇಳಿದರೆ ಅಲ್ಲಿಗೇ ಫೋನ್ ಇಡಿ. ಕೆಲಸ ಹುಡುಕುವವರಿಂದ ಏಜೆನ್ಸಿಗಳು ಶುಲ್ಕ ಪಡೆಯುವುದು ಆಲ್ಬರ್ಟಾದಲ್ಲಿ ಕಾನೂನುಬಾಹಿರ.

ಕೆಲಸ ಖಾಯಂ ಆಯಿತು ಎಂದೇ ಇಟ್ಟುಕೊಳ್ಳಿ, ಆಗಲೂ ಆ ಊರಿನಲ್ಲಿ ಮನೆ ಕೊಳ್ಳುವ ಮಾತು ಬೇಡ. ಅಲ್ಲಿ ಎಲ್ಲವೂ ಎಣ್ಣೆಯ ದರಕ್ಕೆ ಜೋತುಬಿದ್ದಿದೆ. 2014ರ ನಡುವಿನಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ದಾಟಿದ್ದ ದರ 2016ರ ಆರಂಭಕ್ಕೆ 30ರ ಕೆಳಗಿಳಿಯಿತು. ಅದಕ್ಕೂ ಮೊದಲು ಸರಾಸರಿ 7 ಲಕ್ಷ ಡಾಲರ್ ದಾಟಿದ್ದ ಮನೆಗಳನ್ನು ಸಾಲ ಮಾಡಿ ಕೊಂಡವರು, ಕೆಲಸ ಹೋದಾಗ ಮಾರಿದರೂ ಸಾಲ ತೀರದ ಸ್ಥಿತಿಗೆ ಬಂದರು. 2023ರಲ್ಲಿ ಸನ್ಕೋರ್ 1,500 ಹುದ್ದೆ ಕಡಿತ ಘೋಷಿಸಿತು. ಗಣಿಯ 400 ಟನ್ ಟ್ರಕ್ಕುಗಳು ಒಂದೊಂದಾಗಿ ಚಾಲಕನಿಲ್ಲದೆ ಓಡತೊಡಗಿವೆ. ಪಂಪು ರಿಪೇರಿಗೆ ಇನ್ನೂ ಮನುಷ್ಯರೇ ಬೇಕು, ಅಷ್ಟರ ಮಟ್ಟಿಗೆ ನಿಮ್ಮವರು ಪುಣ್ಯವಂತರು.

ಬಾಡಿಗೆಗೆ ಬನ್ನಿ. ಕೆಲಸದ ಪತ್ರ ಇಲ್ಲದವರಿಗೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ. ಸ್ಥಳೀಯ ವಿಳಾಸ ಇಲ್ಲದವರನ್ನು ಊರೊಳಗಿನ ಕೆಲಸಕ್ಕೆ ಕರೆಯಲು ಕಂಪನಿಗಳೂ ಹಿಂಜರಿಯುತ್ತವೆ. ಈ ಗಂಟು ಬಿಡಿಸಲು ಒಬ್ಬ ಗಂಡಸಿಗೆ ಒಂದು ಕೋಣೆ ಸಾಕು. ಟಿಂಬರ್ಲೀ, ಥಿಕ್‌ವುಡ್ ಬಡಾವಣೆಗಳಲ್ಲಿ ಶಿಫ್ಟಿನವರಿಗೆ ತಿಂಗಳ ಲೆಕ್ಕದಲ್ಲಿ ಕೋಣೆ ಕೊಡುವ ಮನೆಗಳಿವೆ. ಆದರೆ ಮಾಲೀಕರ ಅಡುಗೆಮನೆಯನ್ನೇ ಹಂಚಿಕೊಳ್ಳುವ ಕೋಣೆಗೆ ಆಲ್ಬರ್ಟಾದ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಮಾತೇ ಕರಾರು, ಆದ್ದರಿಂದ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಮುಂದೆ ನಾಲ್ವರಿಗೂ ಬೇರೆ ಮನೆ ಹಿಡಿಯುವಾಗ ಠೇವಣಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮನೆಗೆ ಹೋಗುವಾಗ, ಬಿಡುವಾಗ ಎರಡೂ ಸಲ ಗೋಡೆ, ನೆಲ, ಒಲೆಯ ಸ್ಥಿತಿ ನೋಡಿ ವರದಿ ಬರೆಯಬೇಕು. ಬರೆಯದ ಮಾಲೀಕರು ಹಾಳಾಯಿತೆಂದು ಠೇವಣಿ ಹಿಡಿಯುವಂತಿಲ್ಲ. ಬಾಡಿಗೆಯನ್ನು ವರ್ಷದೊಳಗೆ ಎರಡು ಸಲ ಏರಿಸುವಂತಿಲ್ಲ, ಆದರೆ ಏರಿಸುವಾಗ ಎಷ್ಟು ಎಂಬುದಕ್ಕೆ ಮಿತಿಯೂ ಇಲ್ಲ. ಒಂಟಾರಿಯೊದ ಲೆಕ್ಕ ಅಲ್ಲಿ ಹಾಕಬೇಡಿ. 'ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ' ಎಂಬ ಅಗ್ಗದ ಮನೆಯ ಜಾಹೀರಾತು ಕಂಡರೆ ನಿಮ್ಮವರ ಫೋನನ್ನು ಎತ್ತಿ ಬಚ್ಚಿಡಿ.

ಚಳಿ ಮೈನಸ್ 40ಕ್ಕೆ ಇಳಿಯುವ ಊರು. ಕಾರಿನ ಎಂಜಿನ್ನಿಗೆ ಬ್ಲಾಕ್ ಹೀಟರ್ ಬೇಕು, ಪಾರ್ಕಿಂಗಿನಲ್ಲಿ ಅದನ್ನು ಚುಚ್ಚಲು ಪ್ಲಗ್ ಬೇಕು. ಹೀಟಿಂಗ್ ಬಿಲ್ ಯಾರದು ಎಂದು ಮೊದಲೇ ಕೇಳಬೇಕು. ಬೇಸ್‌ಮೆಂಟ್ ಆದರೆ ಬೆಂಕಿ ಬಿದ್ದಾಗ ಹೊರಬರುವಷ್ಟು ದೊಡ್ಡ ಕಿಟಕಿ ಇದೆಯೇ ನೋಡಬೇಕು. ಬೆಂಕಿಯ ಮಾತು ನಾನು ಹೆದರಿಸಲು ಎತ್ತುತ್ತಿಲ್ಲ. 2016ರ ಮೇ 3ರಂದು ಕಾಡ್ಗಿಚ್ಚು ಊರೊಳಗೆ ನುಗ್ಗಿ 80,000ಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲಿ ಹೊರಟರು, ಸುಮಾರು 2,400 ಕಟ್ಟಡ ಸುಟ್ಟವು. 2020ರ ಏಪ್ರಿಲ್‌ನಲ್ಲಿ ನದಿಯ ಮಂಜುಗಡ್ಡೆ ಕಟ್ಟಿಕೊಂಡು ಕೆಳಗಿನ ಪೇಟೆ ಮುಳುಗಿತು. 2024ರ ಮೇಯಲ್ಲಿ ಮತ್ತೆ ಕೆಲವು ಬಡಾವಣೆಗಳನ್ನು ತೆರವು ಮಾಡಿಸಿದರು. ದಕ್ಷಿಣಕ್ಕೆ ಹೊರಬೀಳಲು ಇರುವುದು ಒಂದೇ ಹೆದ್ದಾರಿ. ಅದಕ್ಕೇ ಹೇಳುವುದು, ಬಾಡಿಗೆದಾರರ ವಿಮೆ ಮಾಡಿಸದೆ ಒಂದು ರಾತ್ರಿಯೂ ಇರಬೇಡಿ. ಮಾಲೀಕರ ವಿಮೆ ಗೋಡೆಗೆ ಮಾತ್ರ, ನಿಮ್ಮ ಪಾತ್ರೆಪಗಡಕ್ಕಲ್ಲ.

ಇನ್ನು ಅತ್ತೆಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಹದಿನೆಂಟು ವರ್ಷ ಒಬ್ಬರೇ ನಿಭಾಯಿಸಿದ್ದು ಸಣ್ಣ ಮಾತೂ ಅಲ್ಲ. ಆದರೆ ಅವರ ಒಂಟಿತನಕ್ಕೆ ಪಕ್ಕದಲ್ಲಿ ಓರಗಿತ್ತಿ ಇದ್ದಳು, ಕರೆದರೆ ಬರುವ ತಮ್ಮ ಇದ್ದ, ಮಗುವಿಗೆ ಜ್ವರ ಬಂದರೆ ರಿಕ್ಷಾ ತರುವ ನೆರೆಮನೆಯ ಹುಡುಗನಿದ್ದ. ಮಾತಾಡಲು ಭಾಷೆ ಇತ್ತು. ಆ ಬಳಗವಿಲ್ಲದ ಜಾಗದಲ್ಲಿ, ಕಾರು ಓಡಿಸಲು ಬಾರದೆ, ಎರಡು ಮಕ್ಕಳನ್ನು ಹಿಡಿದುಕೊಂಡು ಹಿಮದಲ್ಲಿ ನಿಲ್ಲುವುದಕ್ಕೆ ಅದನ್ನು ಹೋಲಿಸಲಾಗದು. ಇದನ್ನು ಅತ್ತೆಯ ಜೊತೆ ವಾದ ಮಾಡಿ ಗೆಲ್ಲಬೇಕಿಲ್ಲ. 'ಆಗ ನಿಮಗೆ ಏನು ತುಂಬಾ ಕಷ್ಟ ಆಯ್ತು ಅತ್ತೆ?' ಎಂದು ಒಂದು ಸಂಜೆ ಕೇಳಿ ನೋಡಿ. ಗಲ್ಫ್ ಸಂಸಾರ ನಡೆಸಿದ ಹೆಂಗಸರನ್ನು ಆ ಪ್ರಶ್ನೆ ಯಾರೂ ಕೇಳಿರುವುದಿಲ್ಲ.

ಗಂಡನ ಜೊತೆ ಮಾತಾಡುವಾಗ 'ಬೇಡ' ಎಂಬ ಪದದಿಂದ ಶುರು ಮಾಡಬೇಡಿ. ಅವರ ಕಿವಿಗೆ ಅದು 'ನಿಮ್ಮ ಕೈಲಾಗದು' ಎಂದು ಕೇಳಿಸುತ್ತಿದೆ. 'ನೀವು ಹೋಗಿ, ನಾವು ಈ ಮನೆಯಲ್ಲೇ ಇರುತ್ತೇವೆ' ಎನ್ನಿ. ಮೊದಲ ಶಟ್‌ಡೌನ್ ಕೆಲಸಕ್ಕೆ ಒಬ್ಬರೇ ಹೋಗಿ ಬರಲಿ. ಕ್ಯಾಂಪಿನ ಊಟ, ರಾತ್ರಿ ಪಾಳಿ, ಆ ಚಳಿ ತಮಗೆ ಒಗ್ಗುತ್ತದೆಯೇ ಎಂದು ಅವರಿಗೂ ಗೊತ್ತಾಗುತ್ತದೆ. ಖಾಯಂ ಕೆಲಸದ ಪತ್ರ ಕೈಗೆ ಬಂದು, ರೋಸ್ಟರ್ ಗೊತ್ತಾದ ಮೇಲೆ ಎಡ್ಮಂಟನ್ನೋ ಫೋರ್ಟ್ ಮೆಕ್‌ಮರ್ರಿಯೋ ತೀರ್ಮಾನಿಸಿ. ಮಗಳ ಶಾಲೆಯ ವರ್ಷ ಮುಗಿದ ಮೇಲೆ ಹೊರಟರೆ ಇನ್ನೂ ಒಳ್ಳೆಯದು. ಬ್ರಾಂಪ್ಟನ್ ಮನೆ ತಿಂಗಳ ಬಾಡಿಗೆಯದಾದರೆ ಬಿಡುವ ಮುನ್ನ 60 ದಿನದ ನೋಟಿಸ್ ಕೊಡಬೇಕು. ಆ ನೋಟಿಸಿಗೆ ಸಹಿ ಬೀಳುವುದು ಖಾಯಂ ಪತ್ರ ಬಂದ ಮೇಲೆಯೇ ಎಂದು ಇಬ್ಬರೂ ಈಗಲೇ ಒಪ್ಪಿಕೊಳ್ಳಿ. ಕೂಡಿಟ್ಟಿರುವ ಮೂರು ತಿಂಗಳ ಹಣದಿಂದ ಅವರು ಕೋರ್ಸು, ಪರೀಕ್ಷೆ, ಟಿಕೆಟ್ಟಿಗೆ ಎಷ್ಟು ತೆಗೆಯಬಹುದು, ಯಾವ ಮೊತ್ತದ ಕೆಳಗೆ ಕೈ ಹಾಕಬಾರದು ಎಂಬುದನ್ನೂ ಬರೆದಿಡಿ.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಎಡ್ಮಂಟನ್ ಆಗಲಿ, ಫೋರ್ಟ್ ಮೆಕ್‌ಮರ್ರಿಯಾಗಲಿ, ಕೊನೆಗೆ ಬ್ರಾಂಪ್ಟನ್ನೇ ಆಗಲಿ, ಗಂಡ ವಾರಗಟ್ಟಲೆ ದೂರ ಇರುವ ಮನೆಯಲ್ಲಿ ಕಾರಿನ ಕೀ ನಿಮ್ಮ ಕೈಯಲ್ಲಿರಬೇಕು. ಒಂಟಾರಿಯೊದಲ್ಲಿ ಪಡೆದ ಲೈಸೆನ್ಸನ್ನು ಆಲ್ಬರ್ಟಾದಲ್ಲಿ ಬದಲಾಯಿಸಿಕೊಳ್ಳಬಹುದು. ಅವರು ಮಂಗಳೂರಿನ ಸೂಪರ್‌ವೈಸರ್‌ಗೆ ಫೋನ್ ಮಾಡುವ ದಿನವೇ ನೀವು ಡ್ರೈವಿಂಗಿನ ಜಿ1 ಲಿಖಿತ ಪರೀಕ್ಷೆಗೆ ದಿನ ನೋಡಿ. ಅವರ ಮೊದಲ ಶಟ್‌ಡೌನ್‌ ಬರುವಷ್ಟರಲ್ಲಿ ನಿಮ್ಮ ಡ್ರೈವಿಂಗ್ ಪಾಠ ಶುರುವಾಗಿರಲಿ.