ವಿದ್ಯೆ, ವ್ಯಾಪಾರ, ನ್ಯಾಯ

ಯಾವ ದೇಶವೇ ಆಗಲಿ, ಬಡತನದಿಂದ ಮೇಲೆದ್ದು ನಿಲ್ಲಬೇಕಾದರೆ ಅದಕ್ಕೆ ಮೂರು ಆಸರೆಗಳು ಅವಶ್ಯ. ಜನರು ಓದುಬರಹ ಬಲ್ಲವರಾಗಿರಬೇಕು. ಬೆಳೆದ ಬೆಳೆಗೂ ಮಾಡಿದ ಕೆಲಸಕ್ಕೂ ತಕ್ಕ ಬೆಲೆ ದೊರಕಿಸುವ ವ್ಯಾಪಾರವಿರಬೇಕು. ದುಡಿದು ಗಳಿಸಿದ್ದನ್ನು ಬಲಾಢ್ಯನು ಕಸಿದುಕೊಳ್ಳದಂತೆ ಕಾಯುವ ನ್ಯಾಯವಿರಬೇಕು. ಈ ಮೂರನ್ನೂ ನಾವು ಬೇರೆ ಬೇರೆ ಕಚೇರಿಗಳಿಗೆ ಸೇರಿದ ವಿಷಯಗಳೆಂದು ಎಣಿಸುವುದುಂಟು. ಆದರೆ ಒಂದು ಹೆಣ್ಣುಮಗಳ ಬಾಳಿನಲ್ಲಿ ಇವು ಒಂದಕ್ಕೊಂದು ಹೆಣೆದುಕೊಂಡಿರುವುವು. ಒಂದು ಸಡಿಲವಾದರೆ ಉಳಿದೆರಡೂ ನಿಲ್ಲಲಾರವು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಂದಿರೂ ಈ ವಿಷಯವನ್ನು ಪಾಠದ ಕ್ರಮದಲ್ಲಿ ಆಲೋಚಿಸಬೇಕೆಂಬುದೇ ಈ ಲೇಖನದ ಉದ್ದೇಶ.

೧. ನಮ್ಮ ಸೀಮೆಯ ಸ್ಥಿತಿ

ಐಮಂಗಲವು ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಹೆದ್ದಾರಿಯ ಮೇಲಿರುವ ಹೋಬಳಿಯ ಊರು. ಇದು ಮಳೆ ಕಡಿಮೆಯಾದ ಬಯಲುಸೀಮೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಮೈಸೂರು ಸರ್ಕಾರದವರು ಕಟ್ಟಿಸಿದ ವಾಣಿವಿಲಾಸ ಸಾಗರವು ೧೯೦೭ರಲ್ಲಿ ಪೂರ್ಣವಾಯಿತು. ಆ ಕೆರೆ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬೀಳುವುದನ್ನು ಕಾಣಲು ಜನರು ೨೦೨೨ರವರೆಗೂ ಕಾಯಬೇಕಾಯಿತೆಂದರೆ ಈ ಸೀಮೆಯ ಮಳೆಯ ಸ್ವಭಾವವು ತಿಳಿಯುವುದು. ಕಾಲುವೆಯ ನೀರು ಎಲ್ಲ ಹೊಲಗಳಿಗೂ ಹರಿಯುವುದಿಲ್ಲ. ಶೇಂಗಾ, ಈರುಳ್ಳಿ, ರಾಗಿ ಇವುಗಳನ್ನು ನಂಬಿ ಬದುಕುವ ಮನೆಗಳೇ ಹೆಚ್ಚು.

ಇಂಥ ಹೊಲಗಳಿಗೆ ಹಿಂದೆ ಹೆಚ್ಚು ಬೆಲೆಯಿರಲಿಲ್ಲ. ಈಗ ಹಾಗಲ್ಲ. ಹೆದ್ದಾರಿಯನ್ನು ಅಗಲ ಮಾಡುವಾಗ ರಸ್ತೆಯ ಅಂಚಿನ ಭೂಮಿಗೆ ಪರಿಹಾರದ ಹಣ ಬರುವುದು. ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳು ತಿರುಗುತ್ತಿರುವುವು. ಹೀಗೆ ವ್ಯಾಪಾರವು ಹುಡುಕಿಕೊಂಡು ನಮ್ಮ ಬಾಗಿಲಿಗೇ ಬಂದಿದೆ. ಬಂದ ಹಣವು ಯಾರ ಕೈಗೆ ಸೇರುವುದು? ಮೊದಲಿಗೆ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಕೈಗೆ. ಕಳೆ ಕಿತ್ತವಳ ಹೆಸರು, ಬಿತ್ತನೆಯ ಕಾಳನ್ನು ಕಾದಿಟ್ಟವಳ ಹೆಸರು ಆ ಕಾಗದದಲ್ಲಿ ಇಲ್ಲದಿದ್ದರೆ, ಅಧಿಕಾರಿಯು ಅವಳನ್ನು ಅರಿಯನು.

ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆದ ಸಂಗತಿಯನ್ನೂ ನೋಡಿರಿ. ಅಲ್ಲಿಯ ಅಮೃತಮಹಲ್ ಕಾವಲಿನಲ್ಲಿ ಸುತ್ತಲಿನ ಹಳ್ಳಿಗಳವರು ತಲೆತಲಾಂತರದಿಂದ ದನಕುರಿಗಳನ್ನು ಮೇಯಿಸುತ್ತಿದ್ದರು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವುದು ಆ ಸೀಮೆಯ ಹೆಸರಾಂತ ಉದ್ಯಮ. ಸುಮಾರು ೨೦೦೯ರಿಂದೀಚೆಗೆ ಆ ಕಾವಲಿನ ಸಹಸ್ರಾರು ಎಕರೆಗಳನ್ನು ರಕ್ಷಣಾ ಸಂಶೋಧನೆಗೂ ಅಣುಸಂಶೋಧನೆಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಒಂದು ಖಾಸಗಿ ಕಂಪನಿಗೂ ಕೊಡಲಾಯಿತು. ಹಳ್ಳಿಯವರ ಪರವಾಗಿ ಮೊಕದ್ದಮೆಗಳು ಹಸಿರು ನ್ಯಾಯಪೀಠದವರೆಗೂ ಹೋದುವು. ವಿಜ್ಞಾನ ಸಂಸ್ಥೆಯ ಆ ಆವರಣದಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ಒಳ್ಳೆಯ ತರಬೇತು ನಡೆಯುತ್ತಿರುವುದನ್ನು ಉಪಾಧ್ಯಾಯಿನಿಯಾದ ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೂ ವಿದ್ಯೆಯ ಲಾಭವು ಒಬ್ಬರಿಗೂ ಮೇವಿನ ನಷ್ಟವು ಮತ್ತೊಬ್ಬರಿಗೂ ಆದ ಈ ಉದಾಹರಣೆಯಿಂದ ಒಂದು ಮಾತು ಸ್ಪಷ್ಟವಾಗುವುದು: ರೂಢಿಯಿಂದ ಅನುಭವಿಸುತ್ತಿದ್ದ ಹಕ್ಕು ಕಾಗದದ ಮೇಲೆ ಏರದಿದ್ದರೆ, ಕಾಗದವುಳ್ಳವನ ಮುಂದೆ ಅದನ್ನು ಉಳಿಸಿಕೊಳ್ಳುವುದು ಬಹು ಕಷ್ಟ.

೨. ವಿದ್ಯೆ

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. ೧೮೮೧ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಬಾಲಿಕೆಯರ ಪಾಠಶಾಲೆಯು ಆರಂಭವಾಗಿ, ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಗೋಖಲೆಯವರು ದೇಶಕ್ಕೆಲ್ಲಾ ಕಡ್ಡಾಯ ಶಿಕ್ಷಣ ಬೇಕೆಂದು ೧೯೧೧ರಲ್ಲಿ ತಂದ ಮಸೂದೆಯು ಸೋತುಹೋದರೂ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಜಾರಿಗೆ ಬಂದು, ಆರಿಸಿದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಲು ಅವಕಾಶವಾಯಿತು. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳೆಲ್ಲರಿಗೂ ಶಿಕ್ಷಣವು ಹಕ್ಕೆಂಬ ಕೇಂದ್ರ ಶಾಸನವು ಜಾರಿಗೆ ಬಂದದ್ದು ೨೦೧೦ನೆಯ ಏಪ್ರಿಲ್ ೧ರಂದು. ನಡುವೆ ತೊಂಬತ್ತೇಳು ವರ್ಷಗಳು!

೧೯೫೧ರ ಜನಗಣತಿಯಲ್ಲಿ ಭಾರತದ ಸ್ತ್ರೀಯರ ಪೈಕಿ ಅಕ್ಷರಸ್ಥರು ನೂರಕ್ಕೆ ಒಂಬತ್ತು ಮಂದಿಗೂ ಕಡಿಮೆ. ೨೦೧೧ರ ಗಣತಿಯಲ್ಲಿ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ ೬೮ ಮಂದಿ, ಪುರುಷರಲ್ಲಿ ೮೨ ಮಂದಿ ಅಕ್ಷರಸ್ಥರು. ಏರಿಕೆಯು ದೊಡ್ಡದು, ಅಂತರವೂ ಚಿಕ್ಕದಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಥೆಯನ್ನೂ ಪದ್ಯವನ್ನೂ ಓದಬಲ್ಲ ಹುಡುಗಿಯು ಪಹಣಿಯನ್ನು ಓದಲಾರಳು. ಚಕ್ರಬಡ್ಡಿಯ ಲೆಕ್ಕದಲ್ಲಿ ಪೂರ್ಣಾಂಕ ಪಡೆದವಳು ಸಾಲದ ಕರಾರುಪತ್ರವನ್ನು ಓದದೆ ಸಹಿ ಹಾಕುವಳು. ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತುತ್ತಿದ್ದರು, ನಾವು ಸಹಿ ಮಾಡುತ್ತೇವೆ. ಓದದೆ ಮಾಡಿದ ಸಹಿಗೂ ಹೆಬ್ಬೆಟ್ಟಿಗೂ ಭೇದವೇನು?

೩. ವ್ಯಾಪಾರವೂ ಸಾಲವೂ

ವ್ಯಾಪಾರಕ್ಕೆ ಬಂಡವಾಳ ಬೇಕು. ಬಂಡವಾಳಕ್ಕೆ ಸಾಲ ಬೇಕು. ದೊಡ್ಡ ಸಾಲಕ್ಕೆ ಅಡಮಾನ ಬೇಕು. ಅಡಮಾನಕ್ಕೆ ಹೆಸರಿನಲ್ಲಿ ಆಸ್ತಿ ಬೇಕು. ಈ ಸರಪಣಿಯ ಕೊನೆಯ ಕೊಂಡಿಯೇ ಸ್ತ್ರೀಯರಲ್ಲಿ ಇಲ್ಲವಾದುದರಿಂದ ಮೊದಲಿನ ಕೊಂಡಿಯೂ ಕೈಗೆ ಸಿಕ್ಕುವುದಿಲ್ಲ. ರೈತರಿಗೆ ಇಂಥದೇ ಕಷ್ಟವು ಬಂದಾಗ ಪರಸ್ಪರ ಜಾಮೀನೇ ಅಡಮಾನವಾಗುವ ಸಹಕಾರ ಸಂಘಗಳು ಹುಟ್ಟಿದುವು. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘವು ಇವುಗಳಿಗೆ ಹಿರಿಯದು. ಅದೇ ತತ್ತ್ವವನ್ನು ಸ್ತ್ರೀಯರಿಗೆ ಅನ್ವಯಿಸಿದ್ದೇ ಸ್ವಸಹಾಯ ಸಂಘ. ೧೯೯೨ರಲ್ಲಿ ನಬಾರ್ಡ್ ಬ್ಯಾಂಕಿನವರು ಇಂಥ ಸಂಘಗಳಿಗೆ ಬ್ಯಾಂಕಿನ ಸಾಲ ದೊರೆಯುವ ಪ್ರಯೋಗವನ್ನು ಆರಂಭಿಸಿದರು. ೨೦೦೦ದಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆಯು ಬಂದಿತು. ವಾರಕ್ಕೊಮ್ಮೆ ಕೂಡಿ ಹತ್ತಿಪ್ಪತ್ತು ರೂಪಾಯಿ ಉಳಿಸಿ ಹಸುವನ್ನೋ ಹೊಲಿಗೆಯ ಯಂತ್ರವನ್ನೋ ಕೊಂಡು ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಪೋಷಕರಲ್ಲಿಯೇ ಇರುವರು.

ಆದರೆ ಪರಸ್ಪರ ಜಾಮೀನೆಂಬುದು ಇಬ್ಬಾಯ ಕತ್ತಿ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತೆರಬೇಕಾಗುವುದು. ಮನೆಮನೆಗೆ ಬಂದು ಸುಲಭವಾಗಿ ಹಣ ಕೊಡುವ ಕಿರುಸಾಲದವರ ವಿಷಯದಲ್ಲಿ, ಒಂದು ಸಾಲವನ್ನು ತೀರಿಸಲು ಮತ್ತೊಂದು ಸಾಲ, ಅದಕ್ಕೆ ಮೂರನೆಯದು ಎಂಬಂತಾಗಿ, ವಸೂಲಿಗಾರರ ಕಾಟಕ್ಕೆ ಊರು ಬಿಟ್ಟವರ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಆದಕಾರಣ ೨೦೨೫ನೆಯ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದವರು ಬಲಾತ್ಕಾರದ ವಸೂಲಿಯನ್ನು ತಡೆಯಲು ಒಂದು ಆಧ್ಯಾದೇಶವನ್ನು ಹೊರಡಿಸಬೇಕಾಯಿತು. ಸಾಲದ ಹಣದಿಂದ ಹಣವನ್ನು ಹುಟ್ಟಿಸುವ ಕೆಲಸವಾದರೆ ಅದು ವ್ಯಾಪಾರ. ಮದುವೆಗೋ ಹಬ್ಬಕ್ಕೋ ಖರ್ಚಾಗಿ ಹೋದರೆ ಅದು ಬರಿಯ ಭಾರ. ಈ ಭೇದವನ್ನು ಕಲಿಸುವುದು ಶಾಲೆಯ ಕೆಲಸವೇ ಹೊರತು ಪೋಲೀಸರ ಕೆಲಸವಲ್ಲ.

೪. ನ್ಯಾಯಶಾಸನ

ವಾಣಿವಿಲಾಸ ಸಾಗರವು ಮೊದಲ ಸಲ ಕೋಡಿ ಬಿದ್ದ ೧೯೩೩ರಲ್ಲಿಯೇ ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಆಯಿತು. ವಿಧವೆಗೂ ತಾಯಿಗೂ ಮದುವೆಯಾಗದ ಮಗಳಿಗೂ ಕುಟುಂಬದ ಆಸ್ತಿಯ ವಿಭಾಗದಲ್ಲಿ ಪಾಲುಂಟೆಂದು ಅದು ಹೇಳಿತು. ಆ ಪಾಲು ಗಂಡುಮಕ್ಕಳದಕ್ಕಿಂತ ಕಡಿಮೆ; ಆದರೂ ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಮಿತವಾದ ಹಕ್ಕನ್ನು ಕೊಟ್ಟ ೧೯೩೭ರ ಕಾಯಿದೆಗಿಂತ ಇದು ನಾಲ್ಕು ವರ್ಷ ಮೊದಲಿನದು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಕರ್ನಾಟಕವು ೧೯೯೪ನೆಯ ಜುಲೈ ೩೦ರಿಂದ ಮಗಳಿಗೂ ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಕೊಡಲಿಲ್ಲ. ೨೦೦೫ನೆಯ ಸೆಪ್ಟೆಂಬರ್ ೯ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆಯು ಜೀವಿಸಿರಬೇಕಾದುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ನೆಯ ಆಗಸ್ಟ್ ೧೧ರಂದು ತೀರ್ಪಿತ್ತಿತು.

ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಮಗ, ಮಗಳು ಎಂಬ ಭೇದವಿಲ್ಲ. ಹಾಗಿದ್ದರೂ ತಿರುವಾಂಕೂರಿನ ಕ್ರೈಸ್ತರಲ್ಲಿ ೧೯೧೬ರ ಹಳೆಯ ಶಾಸನದ ಬಲದಿಂದ ಮಗಳಿಗೆ ಅಲ್ಪ ಭಾಗವಷ್ಟೇ ಸಲ್ಲುತ್ತಿದ್ದಿತು. ಮೇರಿ ರಾಯ್ ಎಂಬ ಮಹಿಳೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ೧೯೮೬ರಲ್ಲಿ ಅದನ್ನು ಬದಲಾಯಿಸಿದರು. ಆಕೆಯು ಶಾಲೆಯೊಂದನ್ನು ಸ್ಥಾಪಿಸಿ ನಡೆಸಿದ ಉಪಾಧ್ಯಾಯಿನಿ ಎಂಬುದನ್ನು ನಮ್ಮ ಬಾಲಿಕೆಯರು ನೆನಪಿಡತಕ್ಕದ್ದು. ಮುಸಲ್ಮಾನ ಸಹೋದರಿಯರಿಗೂ ಅವರ ಧರ್ಮಶಾಸ್ತ್ರವು ನಿಶ್ಚಿತವಾದ ಪಾಲನ್ನು ಹೇಳಿದೆ; ಅದು ಸಹೋದರನ ಪಾಲಿನ ಅರ್ಧವಾದರೂ ಇಲ್ಲವೆನ್ನತಕ್ಕದ್ದಲ್ಲ.

೫. ಒಂದು ಲೆಕ್ಕ

ಸ್ವಂತ ದುಡಿಮೆಯಿಂದ ಕೊಂಡ ಆರು ಎಕರೆ ಹೊಲವನ್ನು ಬಿಟ್ಟು, ಉಯಿಲು ಬರೆಯದೆ, ಒಬ್ಬ ಗೃಹಸ್ಥನು ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಅವನಿಗೆ ತಾಯಿಯಿಲ್ಲ; ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇರುವರು. ಎಕರೆಗೆ ನಲವತ್ತು ಗುಂಟೆಯಂತೆ ಹೊಲವು ಒಟ್ಟು ೨೪೦ ಗುಂಟೆ.

ಕುಟುಂಬವು ಹಿಂದೂ ಆದರೆ ನಾಲ್ವರಿಗೂ ಸಮಪಾಲು: ತಲಾ ೬೦ ಗುಂಟೆ, ಅಂದರೆ ೧ ಎಕರೆ ೨೦ ಗುಂಟೆ. ಕ್ರೈಸ್ತವಾದರೆ ಹೆಂಡತಿಗೆ ಮೂರರಲ್ಲೊಂದು ಭಾಗ, ೨ ಎಕರೆ. ಉಳಿದ ೧೬೦ ಗುಂಟೆಯು ಮೂವರು ಮಕ್ಕಳಿಗೆ ಸಮವಾಗಿ, ತಲಾ ೫೩ ಗುಂಟೆಗಿಂತ ತುಸು ಹೆಚ್ಚು. ಎರಡು ಲೆಕ್ಕದಲ್ಲಿಯೂ ಮಗಳ ಪಾಲು ಸೊನ್ನೆಯಲ್ಲ. ಆದರೆ ಹಳ್ಳಿಯಲ್ಲಿ ವಾಡಿಕೆಯಾಗಿ ನಡೆಯುವ ಲೆಕ್ಕವು ಬೇರೆ: ಮೂರು ಎಕರೆ ಅಣ್ಣನಿಗೆ, ಮೂರು ಎಕರೆ ತಮ್ಮನಿಗೆ, ತಾಯಿಗೆ ಮಕ್ಕಳ ಮನೆಯ ಊಟ, ಮಗಳಿಗೆ ಹಬ್ಬಕ್ಕೊಂದು ಸೀರೆ.

ಇದು ಹೇಗೆ ನಡೆಯುವುದೆಂದರೆ, ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷವನ್ನು ಬರೆಯಿಸುವಾಗ ಒಮ್ಮೊಮ್ಮೆ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟುಬಿಡುವರು. ಇಲ್ಲವಾದರೆ ಸಬ್ ರಿಜಿಸ್ಟ್ರಾರರ ಕಚೇರಿಗೆ ಮಗಳನ್ನು ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವರು. ಏನೆಂದು ಕೇಳಿದರೆ, "ಸುಮ್ಮನೆ ಒಂದು ಸಹಿ ಅಷ್ಟೇ ಕಣವ್ವಾ" ಎಂಬ ಉತ್ತರ. ಆ ಒಂದು ಸಹಿಯಿಂದ ಒಂದೂವರೆ ಎಕರೆ ಹೋಗುವುದೆಂದು ಅವಳಿಗೆ ಯಾರೂ ಹೇಳರು.

೬. ತವರಿನ ಪ್ರಶ್ನೆ

"ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುವುದಲ್ಲವೆ?" ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳುವುದುಂಟು. ಇದು ಹಗುರವಾದ ಪ್ರಶ್ನೆಯಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದಾಗ ಹೋಗಿ ನಿಲ್ಲುವ ಸ್ಥಳವೆಂದರೆ ಅಣ್ಣನ ಮನೆಯೊಂದೇ ಆಗಿರುವಾಗ, ಒಂದೂವರೆ ಎಕರೆಗಾಗಿ ಅದನ್ನು ಕಳೆದುಕೊಳ್ಳಲು ಯಾರು ಇಚ್ಛಿಸುವರು? ಮಗಳ ಮದುವೆಗೆ ಮಾಡಿದ ಸಾಲವನ್ನು ಗಂಡುಮಕ್ಕಳೇ ತೀರಿಸಿರುವರೆಂದು ತಂದೆತಾಯಂದಿರು ಹೇಳುವ ಮಾತಿನಲ್ಲಿಯೂ ಸತ್ಯವಿರುವುದುಂಟು.

ಇದಕ್ಕೆ ನನ್ನ ಉತ್ತರವಿಷ್ಟೆ. ಅರಿತು ಬಿಟ್ಟುಕೊಡುವುದು ಔದಾರ್ಯ. ಅರಿಯದೆ ಕಳೆದುಕೊಳ್ಳುವುದು ನಷ್ಟ. ತಂಗಿಯು ತನ್ನ ಪಾಲನ್ನು ತಿಳಿದು, ಪ್ರೀತಿಯಿಂದ ಅಣ್ಣನಿಗೆ ಬಿಟ್ಟರೆ ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಪಾಲಿನ ಮಾತೆತ್ತಿದೊಡನೆ ಮುಚ್ಚಿಕೊಳ್ಳುವ ಬಾಗಿಲು ಎಷ್ಟು ದಿನದ ಆಸರೆಯೆಂಬುದನ್ನೂ ಆಲೋಚಿಸಬೇಕು. ಮದುವೆಯ ಖರ್ಚನ್ನು ಪಾಲೆಂದು ಎಣಿಸುವುದೂ ಸರಿಯಲ್ಲ. ವರದಕ್ಷಿಣೆಯನ್ನು ೧೯೬೧ರ ಶಾಸನವೇ ನಿಷೇಧಿಸಿದೆ, ಮತ್ತು ಅದು ಬಹುಮಟ್ಟಿಗೆ ಮಗಳ ಕೈಯಲ್ಲಿ ನಿಲ್ಲುವುದೂ ಇಲ್ಲ. ಈ ಬಿಕ್ಕಟ್ಟನ್ನು ನ್ಯಾಯಾಲಯಕ್ಕೆ ಹೋಗದೆ ಬಿಡಿಸಬಲ್ಲವರು ತಂದೆತಾಯಂದಿರೇ. ತಾವು ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿಕೊಂಡು, ಲೆಕ್ಕವನ್ನು ಮುಚ್ಚಿಡದೆ, ಉಯಿಲನ್ನೋ ವಿಭಾಗಪತ್ರವನ್ನೋ ಬರೆದಿಟ್ಟರೆ, ಅಣ್ಣತಂಗಿಯರು ಮುಂದೆ ಶತ್ರುಗಳಾಗುವುದು ತಪ್ಪುವುದು. ಹೊಲವನ್ನು ತುಂಡು ಮಾಡಲು ಇಷ್ಟವಿಲ್ಲದಿದ್ದರೆ ಅದರ ಬೆಲೆಯನ್ನು ಕಂತಿನಲ್ಲಿ ಕೊಡುವ ಮಾರ್ಗವೂ ಉಂಟು.

೭. ನಾವು ಮಾಡತಕ್ಕದ್ದು

ಮೊದಲನೆಯದಾಗಿ, ಹತ್ತನೆಯ ತರಗತಿಯನ್ನು ಮುಗಿಸುವ ಪ್ರತಿಯೊಬ್ಬ ಬಾಲಿಕೆಯೂ ತನ್ನ ಮನೆಯ ಪಹಣಿಯನ್ನು ಒಮ್ಮೆಯಾದರೂ ಓದಿರಬೇಕು. ಭೂಮಿ ಯೋಜನೆಯಿಂದ ಪಹಣಿಗಳು ಈಗ ಕಂಪ್ಯೂಟರಿನಲ್ಲಿರುವುದರಿಂದ ಯಾರ ದಯೆಗೂ ಕಾಯಬೇಕಾದುದಿಲ್ಲ.

ಎರಡನೆಯದಾಗಿ, ಹದಿನೆಂಟು ವರ್ಷ ತುಂಬದವರು ಮಾಡಿಕೊಂಡ ಕರಾರು ನ್ಯಾಯದ ಮುಂದೆ ನಿಲ್ಲದು. ತುಂಬಿದವರ ಕರಾರು ನಿಲ್ಲುವುದು. ಆದುದರಿಂದ ಹದಿನೆಂಟು ತುಂಬಿದ ದಿನದಿಂದ ಓದದ ಕಾಗದಕ್ಕೆ ಸಹಿ ಹಾಕದಿರುವುದನ್ನು ವ್ರತವಾಗಿಟ್ಟುಕೊಳ್ಳಬೇಕು. ಅರ್ಥವಾಗದಿದ್ದರೆ "ನಾಳೆ ಬರುತ್ತೇನೆ" ಎಂದು ಹೇಳುವುದು ಅವಿನಯವಲ್ಲ.

ಮೂರನೆಯದಾಗಿ, ೧೯೮೭ರ ಕಾನೂನು ಸೇವೆಗಳ ಶಾಸನದಂತೆ ಸ್ತ್ರೀಯರಿಗೆ, ಅವರ ವರಮಾನವೆಷ್ಟೇ ಇರಲಿ, ವಕೀಲರ ಸಹಾಯವು ಉಚಿತವಾಗಿ ದೊರೆಯುವುದು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾಗಲೂಬಹುದು.

ನಾಲ್ಕನೆಯದಾಗಿ, ಸಾಲದ ಕಾಗದದಲ್ಲಿ ಬಡ್ಡಿಯ ದರ, ಕಂತುಗಳ ಸಂಖ್ಯೆ, ಒಟ್ಟು ತೆರಬೇಕಾದ ಹಣ, ಜಾಮೀನುದಾರರ ಹೆಸರು ಈ ನಾಲ್ಕನ್ನೂ ನೋಡಿದ ಮೇಲೆಯೇ ಹಣವನ್ನು ಮುಟ್ಟಬೇಕು.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(೧) ನಮ್ಮ ಹೊಲಮನೆಗಳ ಕಾಗದದಲ್ಲಿ ಯಾರ ಯಾರ ಹೆಸರಿದೆ? ತಾಯಿಯ ಹೆಸರಿದೆಯೇ?
(೨) ಕಾಯಿದೆಯು ೧೯೩೩ರಿಂದಲೂ ಮುಂದೆ ಹೋಗುತ್ತಿದ್ದರೂ ವಾಡಿಕೆಯು ಹಿಂದುಳಿದುದೇಕೆ?
(೩) ನಮ್ಮ ಮನೆಯ ಸಾಲಗಳಲ್ಲಿ ವ್ಯಾಪಾರದ ಸಾಲ ಯಾವುದು, ಖರ್ಚಿನ ಸಾಲ ಯಾವುದು?
(೪) ಮಗಳ ಮದುವೆಗೆ ಇಟ್ಟಿರುವ ಹಣದಲ್ಲಿ ಅವಳ ಮುಂದಿನ ಓದಿಗೆ ಎಷ್ಟು ಕೊಡಬಹುದು?

ಈ ಪ್ರಶ್ನೆಗಳಿಗೆ ಶಾಲೆಯಲ್ಲಿ ಅಂಕಗಳಿಲ್ಲ. ಆದರೆ ತಂದೆತಾಯಿಯರೂ ಮಕ್ಕಳೂ ಒಂದು ಸಂಜೆ ಜೊತೆಯಲ್ಲಿ ಕುಳಿತು ಇವಕ್ಕೆ ಉತ್ತರ ಬರೆದರೆ, ಆ ಮನೆಯ ಮಗಳು ನಾಡಕಚೇರಿಯ ಮೆಟ್ಟಿಲನ್ನೂ ಬ್ಯಾಂಕಿನ ಮೆಟ್ಟಿಲನ್ನೂ ಅಂಜದೆ ಹತ್ತುವಳು.