ಸಲಹೆ ಕೇಳಿದ ಮೈಸೂರು



ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಟೌನ್‌ಹಾಲ್ ಇದೆಯಲ್ಲ, ಅದರ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ. ರಂಗಾಚಾರ್ಲು ಯಾರು ಅಂತ ಮಾತ್ರ ಗೊತ್ತಿರಲಿಲ್ಲ.

ಅವರು ಮೈಸೂರು ಸಂಸ್ಥಾನದ ದಿವಾನರು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಅದಕ್ಕೆ ಸ್ವಲ್ಪ ಮೊದಲು, 1876ರಿಂದ 1878ರವರೆಗೆ, ಭಾರಿ ಬರ ಬಂದು ಲಕ್ಷಾಂತರ ಜನ ಸತ್ತಿದ್ದರು. ರಾಜ್ಯದ ಮೇಲೆ ಸಾಲ ಬೇರೆ ಇತ್ತು. ಅಂಥ ಕಷ್ಟದಲ್ಲಿ ರಂಗಾಚಾರ್ಲು ಅವರು ಅದೇ ವರ್ಷ ಅಕ್ಟೋಬರ್‌ನಲ್ಲಿ, ದಸರಾ ಕಾಲಕ್ಕೆ, ಪ್ರಜಾ ಪ್ರತಿನಿಧಿ ಸಭೆಯನ್ನು ಕರೆದರು. ಬೇರೆ ಬೇರೆ ಊರುಗಳಿಂದ 144 ಮಂದಿ ಬಂದರು. ದಿವಾನರು ರಾಜ್ಯದ ಜಮಾ ಖರ್ಚು, ಮುಂದಿನ ಕೆಲಸ ಎಲ್ಲವನ್ನೂ ಓದಿ ಹೇಳಿದರು. ಲೆಕ್ಕವನ್ನೇ ಮುಚ್ಚಿಟ್ಟರೆ ಸಲಹೆ ಕೊಡುವುದು ಹೇಗೆ? ನನಗೆ ಇದೇ ತುಂಬ ಇಷ್ಟವಾಯಿತು.

ಆದರೆ ಬಂದವರು ಹೆಚ್ಚಿನವರು ಜಮೀನ್ದಾರರು, ವ್ಯಾಪಾರಿಗಳು. ಕೂಲಿಯವರಿಲ್ಲ, ಹೆಂಗಸರಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ, ಹೇಳಬಹುದಿತ್ತು ಅಷ್ಟೆ. 1891ರಿಂದ ಸದಸ್ಯರನ್ನು ಚುನಾವಣೆಯಿಂದ ಆರಿಸಿದರು.

ಇಬ್ಬರು ಎರಡು ಥರ ಹೇಳಿದರೆ ಏನು ಮಾಡೋದು? ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹೀಗೇ ಆಯಿತು. ಸರ್ಕಾರಿ ಕೆಲಸದಲ್ಲಿ ಹೆಚ್ಚಾಗಿ ಬ್ರಾಹ್ಮಣರೇ ಇದ್ದಾರೆ, ನಮಗೂ ಪಾಲು ಬೇಕು ಅಂತ ಉಳಿದ ಜಾತಿಯವರು ಕೇಳಿದರು. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಹುದ್ದೆ ಬಿಟ್ಟರು. ಅಷ್ಟು ದೊಡ್ಡ ದಿವಾನರ ಮಾತು ಬಿಟ್ಟು ಜನರ ಮಾತು ಕೇಳೋದು ಸುಲಭವಲ್ಲ. ಆದರೂ ಸಮಿತಿ 1919ರಲ್ಲಿ ವರದಿ ಕೊಟ್ಟಿತು, 1921ರಲ್ಲಿ ಆದೇಶವೂ ಆಯಿತು. ವಿಶ್ವೇಶ್ವರಯ್ಯನವರ ಮೇಲಿನ ಗೌರವವೇನೂ ನನಗೆ ಕಡಿಮೆಯಾಗಿಲ್ಲ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಾನು ಈ ವರ್ಷ ಲೀಡರ್. ಊಟದ ಹೊತ್ತಿಗೆ ನಲ್ಲಿ ಹತ್ತಿರ ದೊಡ್ಡವರ ಸಾಲು ಮೊದಲು ಅಂತ ಮಾಡಿದ್ದೆ. ಮೂರನೇ ತರಗತಿ ಹುಡುಗಿಯೊಬ್ಬಳು ಬಂದು "ಅಕ್ಕಾ, ನಮ್ಮ ಸರದಿ ಬರೋ ಹೊತ್ತಿಗೆ ಬೆಲ್ ಹೊಡೀತಾರೆ, ತಟ್ಟೆ ತೊಳೆಯೋಕೇ ಆಗಲ್ಲ" ಅಂದಳು. ನೀನು ಚಿಕ್ಕವಳು ಸುಮ್ನಿರು ಅಂದುಬಿಟ್ಟೆ. ಆಮೇಲೆ ಒಂದು ದಿನ ನಿಂತು ನೋಡಿದೆ, ಅವಳು ಹೇಳಿದ್ದು ನಿಜ.

ಸೋಮವಾರದಿಂದ ಚಿಕ್ಕವರ ಸಾಲು ಮೊದಲು. ಇದಕ್ಕಿಂತ ಒಳ್ಳೆ ಉಪಾಯ ಇದ್ದರೆ ಬಂದು ಹೇಳಿ. ಆಗದಿದ್ದರೆ ಯಾಕೆ ಆಗಲ್ಲ ಅಂತ ನಾನೇ ಬಂದು ಹೇಳ್ತೀನಿ.

– ಏಳನೇ ತರಗತಿ