ಮನೆಯಲ್ಲಿ ಉಳಿಸಿಕೊಂಡ ಫಾರಂ ಕೋಳಿಗೆ ಮಿತಾಹಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಬ್ರಾಯ್ಲರ್ ಕೋಳಿಗಳ ಷೆಡ್ಡುಗಳಿರುವುದನ್ನು ವಾಚಕ ಮಹಾಶಯರು ಬಲ್ಲರು. ಬೆಳೆದ ಕೋಳಿಗಳನ್ನು ಲಾರಿಗೆ ತುಂಬುವಾಗ ಕುಂಟುವ ಒಂದೆರಡು ಹಿಂದೆ ಉಳಿಯುವುದುಂಟು. ಕೆಲವರು ಕನಿಕರದಿಂದ ಅವನ್ನು ಮನೆಗೆ ತರುವರು. ಮಕ್ಕಳು ಹೆಸರಿಟ್ಟು ಸಲಹುವರು. ಹೀಗೆ ಸಾಕಿದ ಕೋಳಿಯು ಅನೇಕ ವೇಳೆ ಕೆಲವೇ ತಿಂಗಳುಗಳಲ್ಲಿ ಕಾಲು ಸೋತು, ಏದುಸಿರು ಬಿಟ್ಟು, ಒಂದು ದಿನ ಹಠಾತ್ತಾಗಿ ಸಾಯುತ್ತದೆ. ಮನೆಯವರು ದೃಷ್ಟಿ ತಗುಲಿತೆಂದು ಮರುಗುವರು. ಬಹುಮಟ್ಟಿಗೆ ಇದರ ಕಾರಣವು ಪ್ರೀತಿಯಿಂದ ಹಾಕಿದ ಅತಿಯಾದ ಆಹಾರವೇ ಆಗಿರುತ್ತದೆ.

ಮೊಟ್ಟೆಯಿಂದ ಹೊರಬಂದಾಗ ಈ ಮರಿಯ ತೂಕವು ಸುಮಾರು 40 ಗ್ರಾಂ. ಆರು ವಾರಗಳಲ್ಲಿ ಅದು 2 ಕಿಲೋಗ್ರಾಂ ಮೀರುತ್ತದೆ. ಬೇಗ ಮೈತುಂಬುವ ಕೋಳಿಗಳನ್ನೇ ತಲೆಮಾರುಗಳಿಂದ ಆರಿಸಿ ಈ ತಳಿಯನ್ನು ಬೆಳೆಸಿರುವುದರಿಂದ ಇದರ ಹಸಿವಿಗೆ ಮಿತಿಯಿಲ್ಲ. ಮಾಂಸವು ಬೆಳೆದಷ್ಟು ವೇಗವಾಗಿ ಹೃದಯವೂ ಶ್ವಾಸಕೋಶವೂ ಕಾಲಿನ ಮೂಳೆಯೂ ಬಲಗೊಳ್ಳಲಾರವು. ಮರಿ ಉತ್ಪಾದಿಸುವವರು ಇದನ್ನು ಚೆನ್ನಾಗಿ ಬಲ್ಲರು. ಇದೇ ತಳಿಯ ತಾಯಿಕೋಳಿಗಳಿಗೆ ಅವರು ಎಳೆಯ ವಯಸ್ಸಿನಿಂದಲೇ ತೂಗಿ ಆಹಾರ ಹಾಕಿ, 20 ವಾರಗಳಲ್ಲಿ ಸುಮಾರು 2¼ ಕಿಲೋಗ್ರಾಂ ತೂಕದಲ್ಲಿ ನಿಲ್ಲಿಸುತ್ತಾರೆ. ಆದ್ದರಿಂದಲೇ ಅವು ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿ ಮೊಟ್ಟೆಯಿಡುತ್ತವೆ. ಮನೆಯ ಕೋಳಿಗೂ ಇದೇ ಮಾರ್ಗವು ಯೋಗ್ಯವಾದುದು.

1. ಆಹಾರದ ಆಯ್ಕೆ.— ಬ್ರಾಯ್ಲರ್ ಫೀಡು ಕೊಬ್ಬಿಸುವುದಕ್ಕಾಗಿಯೇ ತಯಾರಾದುದು. ಅದನ್ನು ಕ್ರಮವಾಗಿ ನಿಲ್ಲಿಸತಕ್ಕದ್ದು. ಅದರ ಬದಲು ಬೆಳೆಯುವ ಮೊಟ್ಟೆಕೋಳಿಗಳಿಗೆ ಹಾಕುವ, ಸುಮಾರು ನೂರಕ್ಕೆ 16 ಪಾಲು ಸಸಾರಜನಕವುಳ್ಳ ಫೀಡನ್ನು ಕೊಡಬಹುದು. ಮೊಟ್ಟೆಯಿಡುವ ಕೋಳಿಯ ಫೀಡಿನಲ್ಲಿ ಸುಣ್ಣದಂಶವು ಹೆಚ್ಚು. ಹುಂಜಕ್ಕೂ ಮೊಟ್ಟೆಯಿಡದ ಹೇಂಟೆಗೂ ಅದು ಮೂತ್ರಪಿಂಡಕ್ಕೆ ಕೆಡುಕು. ಮೊಟ್ಟೆಯಿಡುವ ಹೇಂಟೆಗೆ ಚಿಪ್ಪಿನ ಚೂರನ್ನು ಬೇರೆ ಪಾತ್ರೆಯಲ್ಲಿ ಇಟ್ಟರೆ ಸಾಕು.

2. ಅಳತೆ.— ಆರು ವಾರದ ಬ್ರಾಯ್ಲರ್ ಕೋಳಿಯು ಬಿಟ್ಟರೆ ದಿನಕ್ಕೆ 200 ಗ್ರಾಂವರೆಗೂ ತಿನ್ನುತ್ತದೆ. ಒಮ್ಮೆಲೇ ಕಡಿತ ಮಾಡದೆ, ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸುಮಾರು 100 ಗ್ರಾಂಗೆ ಇಳಿಸಬೇಕು. ಇದನ್ನು ಬೆಳಿಗ್ಗೆಗೂ ಸಂಜೆಗೂ ಎರಡು ಪಾಲು ಮಾಡುವುದು ಉತ್ತಮ. ಬೇಸಗೆಯಲ್ಲಿ ನಡುಹಗಲು ಆಹಾರ ಹಾಕಬಾರದು. ನೀರಿಗೆ ಮಾತ್ರ ಎಂದಿಗೂ ಮಿತಿ ಕೂಡದು.

3. ಸೊಪ್ಪು.— ಹಸಿವು ತಣಿಸಲು ಹಿಪ್ಪುನೇರಳೆ ಸೊಪ್ಪು, ನುಗ್ಗೆ ಸೊಪ್ಪು, ದಂಟಿನ ಸೊಪ್ಪುಗಳನ್ನು ಕಟ್ಟಿ ತೂಗುಹಾಕಬಹುದು. ಔಷಧಿ ಸಿಂಪಡಿಸಿದ ತೋಟದ ಸೊಪ್ಪು ಸರ್ವಥಾ ಕೂಡದು.

4. ವರ್ಜ್ಯ.— ಅನ್ನ, ಮುದ್ದೆಯ ತುಣುಕು, ಮುಸುಕಿನ ಜೋಳ, ಎಣ್ಣೆಯ ತಿಂಡಿಗಳನ್ನು ಹಾಕುವುದು ಬೇಡ. ಶಿಡ್ಲಘಟ್ಟದ ಕಡೆ ರೇಷ್ಮೆನೂಲು ತೆಗೆದ ಬಳಿಕ ದೊರೆಯುವ ಪ್ಯೂಪಾ ಸಸಾರಜನಕದಲ್ಲಿ ಶ್ರೇಷ್ಠವಾದರೂ, ಒಣಗಿದ ಪ್ಯೂಪಾದಲ್ಲಿ ಸುಮಾರು ಕಾಲುಭಾಗ ಎಣ್ಣೆಯೇ ಇರುತ್ತದೆ. ನಾಟಿ ಕೋಳಿಗೆ ಹಿತವಾದದ್ದು ಇದಕ್ಕೆ ಭಾರವಾದೀತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯು ಯಾವ ಕೋಳಿಗೂ ವಿಷವೇ.

5. ನಡಿಗೆ.— ಫೀಡಿನ ಒಂದು ಪಾಲನ್ನು ಒಣಗಿದ, ಶುಚಿಯಾದ ಹುಲ್ಲಿನಲ್ಲಿ ಎರಚಿದರೆ ಕೋಳಿಯು ಕೆದಕುತ್ತ ನಡೆಯುತ್ತದೆ. ಮಲಗುವ ಸ್ಥಳವು ಮೃದುವಾಗಿಯೂ ತೇವವಿಲ್ಲದೆಯೂ ಇರಬೇಕು. ಇಲ್ಲವಾದರೆ ಭಾರಕ್ಕೆ ಅಂಗಾಲು ಹುಣ್ಣಾಗುತ್ತದೆ. ಎತ್ತರದಿಂದ ಹಾರಿಬಿದ್ದರೆ ಕಾಲು ಮುರಿಯುವುದರಿಂದ ಅಟ್ಟಣೆ ಕೂಡದು.

6. ತೂಕ.— ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಆಹಾರಕ್ಕೆ ಮುಂಚೆ ಕೋಳಿಯನ್ನು ಬುಟ್ಟಿಯಲ್ಲಿಟ್ಟು ತೂಗಿ ಬರೆದಿಡಿರಿ. ಬೆಳೆದ ಕೋಳಿಯ ತೂಕವು ಏರುತ್ತಲೇ ಇದ್ದರೆ ಆಹಾರದಲ್ಲಿ ಹತ್ತನೆಯ ಒಂದು ಪಾಲು ತಗ್ಗಿಸಿರಿ. ಎದೆಯ ಮೂಳೆಯು ಕೈಗೆ ಚೂಪಾಗಿ ಸಿಕ್ಕಿದರೆ ಅಷ್ಟೇ ಹೆಚ್ಚಿಸಿರಿ. ಕೋಳಿಗಳು ಹಲವಿದ್ದರೆ ಎಲ್ಲವೂ ಏಕಕಾಲದಲ್ಲಿ ತಿನ್ನುವಷ್ಟು ತಟ್ಟೆಗಳಿರಲಿ. ಇಲ್ಲವಾದರೆ ಬಲವುಳ್ಳದ್ದೇ ಕೊಬ್ಬುತ್ತದೆ. ಆಹಾರ ಮುಟ್ಟದೆ ಮಂಕಾಗಿ ಕುಳಿತ ಕೋಳಿಗೆ ಪಥ್ಯವು ಮದ್ದಲ್ಲ. ಅದನ್ನು ಕೂಡಲೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ನಾಟಿ ಕೋಳಿಗಳಿಂದ ಬೇರೆಯಾಗಿಡಬೇಕು. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡುದನ್ನು ಯಾರೂ ಮರೆಯಲಾಗದು. ರೋಗವಿದ್ದ ಷೆಡ್ಡಿನ ಕೋಳಿಯನ್ನು ಕನಿಕರಕ್ಕಾದರೂ ಮನೆಗೆ ತರಬಾರದು.

ಮಿತವಾಗಿ ಹಾಕಿದಾಗ ಕೋಳಿಯು ಕಾಲಿಗೆ ಸುತ್ತಿಕೊಂಡು ಕೂಗುವುದು ಸಹಜ. ಆ ಕೂಗಿಗೆ ಕರಗಿ ಹಿಡಿ ಕಾಳು ಚೆಲ್ಲುವುದು ದಯೆಯಂತೆ ತೋರಿದರೂ, ಕೋಳಿಯ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಉಪವಾಸ ಕೆಡವುವುದೂ ತಪ್ಪು. ಸೊಪ್ಪಿನಿಂದ ಹೊಟ್ಟೆಯನ್ನೂ ತಕ್ಕಡಿಯಿಂದ ಕೈಯನ್ನೂ ಹದದಲ್ಲಿಡುವುದೇ ಸರಿಯಾದ ಕ್ರಮ. ಗ್ರಾಮಮುಖ್ಯರೂ ಜಮೀನುದಾರರೂ ತಮ್ಮ ಊರಿನಲ್ಲಿ ಇಂಥ ಕೋಳಿ ಸಾಕಿರುವವರಿಗೆ, ವಿಶೇಷವಾಗಿ ದಿನವೂ ಕಾಳು ಹಾಕುವ ಹೆಣ್ಣುಮಕ್ಕಳಿಗೂ ಮಕ್ಕಳಿಗೂ, ಈ ಸಂಗತಿಯನ್ನು ತಿಳಿಯಹೇಳಬೇಕಾಗಿ ಕೋರುತ್ತೇವೆ.